ಹಬ್ಬದ ಇನಾಮು ಹಬ್ಬಕ್ಕೆ ಮುಂಚೆ ಕೈ ಸೇರಬೇಕು

ದೀಪಾವಳಿಗೆ ಇನ್ನೆರಡು ದಿನ ಇದೆ ಅನ್ನುವಾಗ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಪ್ರಶ್ನೆ ಬಂದು ಬೀಳುತ್ತದೆ: "ಸೆಕ್ಯೂರಿಟಿಯವರಿಗೆ ಈ ಸಲ ಎಷ್ಟು ಕೊಡ್ತಿದ್ದೀರಾ?" ಅಷ್ಟು ಹೊತ್ತಿಗೆ ಕಾಲ ಮೀರಿರುತ್ತದೆ. ರಾತ್ರಿ ಪಾಳಿಯ ಗಾರ್ಡ್ ಊರಿನ ರೈಲು ಹತ್ತಿ ಆಗಿದೆ, ಮನೆಕೆಲಸದ ಅಕ್ಕ ಮಕ್ಕಳ ಬಟ್ಟೆಗೆ ಸಾಲ ಮಾಡಿ ಆಗಿದೆ. ಇನಾಮು ಕೊಡುವ ಮನಸ್ಸು ಬಹುತೇಕ ಎಲ್ಲರಿಗೂ ಇರುತ್ತದೆ. ಕೆಡುವುದು ತಯಾರಿಯಲ್ಲಿ.

2026ರ ದೀಪಾವಳಿ ನವೆಂಬರ್ 8ರ ಭಾನುವಾರ ಬರುತ್ತದೆ, ಬಲಿಪಾಡ್ಯಮಿ 10ಕ್ಕೆ. ಹಣ ಕೈ ಸೇರಬೇಕಾದ್ದು ಅಕ್ಟೋಬರ್ ಕೊನೆಯ ವಾರದಲ್ಲಿ. ಗಾರ್ಡ್‌ಗಳಲ್ಲಿ, ಹೌಸ್‌ಕೀಪಿಂಗ್‌ನವರಲ್ಲಿ ಅಸ್ಸಾಂ, ಒಡಿಶಾ, ಬಿಹಾರದ ಕಡೆಯವರು ಸಾಕಷ್ಟು ಜನ. ಬಿಹಾರದವರಿಗೆ ದೀಪಾವಳಿಗಿಂತ ಅದಾದ ಆರೇಳು ದಿನಕ್ಕೆ ಬರುವ ಛಠ್ ದೊಡ್ಡ ಹಬ್ಬ, ಎರಡಕ್ಕೂ ಸೇರಿಸಿಯೇ ರಜೆ ಹಾಕುತ್ತಾರೆ. ರೈಲಿನ ಟಿಕೆಟ್ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ, ಹಾಗಾಗಿ ಯಾರು ಯಾವತ್ತು ಹೊರಡುತ್ತಾರೆ ಎಂಬುದು ಸೆಪ್ಟೆಂಬರಿನಲ್ಲೇ ನಿಶ್ಚಯವಾಗಿರುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು ಬಸ್ಸು ಹಿಡಿಯುವುದು ಹಬ್ಬಕ್ಕೆ ಮೂರು ನಾಲ್ಕು ದಿನ ಇರುವಾಗ. "ಊರಿಗೆ ಯಾವತ್ತು ಹೊರಡ್ತೀರಾ?" ಅಂತ ಒಂದು ಮಾತು ಕೇಳಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಎಲ್ಲರ ಹಬ್ಬವೂ ದೀಪಾವಳಿಯಲ್ಲ. ರಂಜಾನ್‌ಗೋ ಕ್ರಿಸ್‌ಮಸ್‌ಗೋ ತಮಗೆ ಕೊಟ್ಟರೆ ಅನುಕೂಲ ಎನ್ನುವವರಿದ್ದಾರೆ. ಕೇಳಿ ಕೊಡಿ, ಮುಂದೂಡಿದ್ದನ್ನು ಮರೆಯಬೇಡಿ. ಡ್ರೈವರ್, ಎಲೆಕ್ಟ್ರಿಷಿಯನ್, ಪ್ಲಂಬರ್, ಇಸ್ತ್ರಿಯವರು ಮುಂತಾದ ಉಪಕರಣ ಹಿಡಿದು ದುಡಿಯುವವರಿಗೆ ಮೊದಲಿನಿಂದಲೂ ಆಯುಧಪೂಜೆಗೇ ಕೊಡುವ ವಾಡಿಕೆ. ಅದು ದೀಪಾವಳಿಗೆ ಸುಮಾರು ಇಪ್ಪತ್ತು ದಿನ ಮುಂಚೆ ಬರುವುದರಿಂದ ಒಂದೇ ತಿಂಗಳ ಜೇಬಿನ ಮೇಲೆ ಎಲ್ಲ ಭಾರ ಬೀಳುವುದಿಲ್ಲ.

ಮೊದಲು ಪಟ್ಟಿ ಮಾಡಿ. ಬೆಳಗಿನ ಜಾವದಿಂದ ರಾತ್ರಿಯವರೆಗೆ ಮನೆಗೆ ಏನೇನು ಬರುತ್ತದೆ, ಮನೆಯಿಂದ ಏನೇನು ಹೋಗುತ್ತದೆ ಎಂದು ನೆನೆಸಿಕೊಳ್ಳಿ: ಹಾಲು, ಪೇಪರ್, ಹೂವು, ನೀರು, ಕಸ, ಇಸ್ತ್ರಿ ಬಟ್ಟೆ, ಸಿಲಿಂಡರ್, ಕಾಗದ ಪತ್ರ, ಶಾಲೆಯ ವ್ಯಾನು. ಪ್ರತಿಯೊಂದರ ಹಿಂದೆ ಒಬ್ಬರೋ ಇಬ್ಬರೋ ಇರುತ್ತಾರೆ. ಬಿಟ್ಟುಹೋಗುವವರು ಯಾವಾಗಲೂ ಕಣ್ಣಿಗೆ ಬೀಳದವರೇ. ರಾತ್ರಿ ಪಾಳಿಯ ಗಾರ್ಡ್, ವಾರದ ರಜೆ ತುಂಬಲು ಬರುವ ರಿಲೀವರ್, ಬೇಸ್‌ಮೆಂಟಿನಲ್ಲಿ ಕೊಳಚೆ ನೀರಿನ ಘಟಕ ನೋಡಿಕೊಳ್ಳುವ ಎಸ್‌ಟಿಪಿ ಆಪರೇಟರ್, ಐದು ಗಂಟೆಗೇ ಬಂದು ಕಾರು ತೊಳೆದು ಹೋಗುವವರು, ಕಸದ ಆಟೋದಲ್ಲಿ ಡ್ರೈವರ್ ಜೊತೆ ಇರುವ ಹೆಲ್ಪರ್. ಪೇಪರ್ ವಿಷಯದಲ್ಲಿ ಒಂದು ಎಚ್ಚರ: ತಿಂಗಳ ಬಿಲ್ಲು ತರುವವರು ಏಜೆಂಟು, ಮಳೆಯಲ್ಲಿ ಸೈಕಲ್ ತುಳಿದು ಪೇಪರ್ ಹಾಕುವ ಹುಡುಗ ಬೇರೆ. ಅವನಿಗೆಂದು ಏಜೆಂಟಿನ ಕೈಗೆ ಕೊಟ್ಟದ್ದು ಅವನಿಗೆ ಮುಟ್ಟಿತೋ ಇಲ್ಲವೋ ತಿಳಿಯಲು ದಾರಿಯಿಲ್ಲ. ಒಂದು ದಿನ ಬೇಗ ಎದ್ದು ಅವನ ಕೈಗೇ ಕೊಡಿ. ಕಸದ ಆಟೋಗೂ ಇದೇ ಮಾತು. ಒಂದೇ ಕವರ್ ಡ್ರೈವರ್ ಕೈಗೆ ಕೊಟ್ಟು "ಇಬ್ಬರೂ ಹಂಚಿಕೊಳ್ಳಿ" ಅನ್ನುವುದಕ್ಕಿಂತ ಎರಡು ಕವರ್ ಮಾಡುವುದು ಒಳ್ಳೆಯದು.

ಎಷ್ಟು ಎಂಬ ಪ್ರಶ್ನೆಗೆ ಮನೆಕೆಲಸದವರ, ಅಡುಗೆಯವರ, ಮಗುವನ್ನೋ ವಯಸ್ಸಾದವರನ್ನೋ ನೋಡಿಕೊಳ್ಳುವವರ ವಿಷಯದಲ್ಲಿ ಬೆಂಗಳೂರಿನಲ್ಲಿ ನೆಲೆನಿಂತ ಲೆಕ್ಕ ಒಂದಿದೆ: ವರ್ಷ ತುಂಬಿದವರಿಗೆ ಒಂದು ತಿಂಗಳ ಸಂಬಳ. ಇದು ಸುಮ್ಮನೆ ಬಂದ ಅಂದಾಜಲ್ಲ. ಕಾರ್ಖಾನೆ, ಕಂಪನಿಗಳಲ್ಲಿ ಕಾನೂನು ಹೇಳುವ ಕನಿಷ್ಠ ಬೋನಸ್ ವರ್ಷದ ಸಂಬಳದ ಶೇ 8.33, ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಆ ಕಾನೂನು 20 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುವಂಥದ್ದು, ಮನೆಗಳು ಅದರೊಳಗೆ ಬರುವುದಿಲ್ಲ. ಹಾಗಾಗಿ ಮನೆಕೆಲಸದವರಿಗೆ ನೀವು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ವರ್ಷ ತುಂಬದವರಿಗೆ ತಿಂಗಳ ಲೆಕ್ಕ ಹಾಕಿ. ತಿಂಗಳಿಗೆ 3,500 ರೂಪಾಯಿ ಪಡೆಯುವವರು ಏಳು ತಿಂಗಳಿಂದ ಬರುತ್ತಿದ್ದರೆ 3,500ನ್ನು 7ರಿಂದ ಗುಣಿಸಿ 12ರಿಂದ ಭಾಗಿಸಿ: ಸುಮಾರು 2,042 ಆಗುತ್ತದೆ. ಅದನ್ನು 2,100 ಮಾಡಿ ಕೊಡಿ. ಕೆಳಕ್ಕೆ ಇಳಿಸಿ 2,000 ಮಾಡುವುದು ಬೇಡ. ಸಂಬಳ ನಡುವೆ ಏರಿದ್ದರೆ ಈಗಿನ ಸಂಬಳವನ್ನೇ ಹಿಡಿಯಿರಿ.

ಇಡೀ ತಿಂಗಳ ಸಂಬಳ ನಿಜಕ್ಕೂ ಕಷ್ಟ ಎನ್ನುವ ಮನೆಗಳಿವೆ. ನಿವೃತ್ತಿ ವೇತನದಲ್ಲಿ ಬದುಕುವವರು, ಕೆಲಸ ಕಳೆದುಕೊಂಡವರು ಇರುತ್ತಾರೆ. ಅರ್ಧ ತಿಂಗಳದ್ದು ಕೊಟ್ಟರೂ ಮರ್ಯಾದೆಯೇ. ಆದರೆ ಆ ಮಾತನ್ನು ಮುಂಚೆಯೇ ಹೇಳಿಬಿಡಿ. ಪೂರ್ತಿ ಬರುತ್ತದೆಂದು ಲೆಕ್ಕ ಹಾಕಿ ಚೀಟಿ ಹಣವನ್ನೋ ಶಾಲೆಯ ಫೀಸನ್ನೋ ಅದಕ್ಕೆ ಕಟ್ಟಿಕೊಂಡವರಿಗೆ ಹಬ್ಬದ ಹಿಂದಿನ ದಿನ ಅರ್ಧ ಸಿಕ್ಕರೆ ಅದು ದೊಡ್ಡ ಪೆಟ್ಟು.

ಇದೇ ಜಾಗದಲ್ಲಿ ಮೂರು ಕೆಟ್ಟ ರೂಢಿಗಳಿವೆ, ಮೂರನ್ನೂ ಬಿಡಬೇಕು. ಒಂದು, ಮೊದಲೇ ಕೊಟ್ಟ ಅಡ್ವಾನ್ಸನ್ನು ಇನಾಮಿನಲ್ಲಿ ಮುರಿದುಕೊಳ್ಳುವುದು. ಅಡ್ವಾನ್ಸ್ ಸಂಬಳದಲ್ಲಿ ತಿಂಗಳಿಗಿಷ್ಟು ಎಂದು ಕಳೆಯುತ್ತಾ ಬಂದಿದ್ದರೆ ಹಾಗೇ ಮುಂದುವರಿಯಲಿ. ಹಬ್ಬದ ದುಡ್ಡಿಗೆ ಕೈ ಹಾಕಿದರೆ ಆಕೆ ಬರಿಗೈಲಿ ಹಬ್ಬ ಮಾಡಬೇಕು. ಎರಡು, "ಬೋನಸ್ ಕೊಟ್ಟಿದ್ದೀನಲ್ಲ" ಎಂದು ವರ್ಷದ ಸಂಬಳ ಏರಿಕೆಯನ್ನು ತಪ್ಪಿಸುವುದು. ಏರಿಕೆ ಪ್ರತಿ ತಿಂಗಳೂ ಮನೆ ನಡೆಸುವ ಹಣ, ಇನಾಮು ಒಂದೇ ಸಲದ್ದು. ಮೂರು, ವರ್ಷದಲ್ಲಿ ಹಾಕಿದ ರಜೆಗಳನ್ನು ಎಣಿಸಿ ಕಳೆಯುವುದು. ಹಬ್ಬಕ್ಕೆ ಊರಿಗೆ ಹೋದ ನಾಲ್ಕು ದಿನದ ಸಂಬಳ ಹಿಡಿದು, ಇನ್ನೊಂದು ಕೈಲಿ ಇನಾಮು ಕೊಟ್ಟರೆ ಕೊಟ್ಟಂತೆ ಆಗುವುದೇ ಇಲ್ಲ.

"ಬೋನಸ್ ತಗೊಂಡು ಮರುವಾರವೇ ಕೆಲಸ ಬಿಟ್ಟಳು" ಎಂಬ ದೂರು ಪ್ರತಿ ವರ್ಷ ಕೇಳಿಬರುತ್ತದೆ. ಅದಕ್ಕಾಗಿ ಅರ್ಧ ಈಗ, ಅರ್ಧ ಸಂಕ್ರಾಂತಿಗೆ ಎಂದು ತಡೆಹಿಡಿಯುವವರೂ ಇದ್ದಾರೆ. ಇದು ಸರಿಯಲ್ಲ. ಇನಾಮು ಕಳೆದ ವರ್ಷದ ದುಡಿಮೆಗೆ ಸಂದದ್ದು, ಮುಂದಿನ ವರ್ಷ ಕಟ್ಟಿಹಾಕಲು ಕೊಟ್ಟ ಮುಂಗಡವಲ್ಲ. ಹಬ್ಬದ ನಂತರ ಕೆಲಸ ಬಿಡುವವರು ಸಾಮಾನ್ಯವಾಗಿ ಆರು ತಿಂಗಳ ಹಿಂದೆಯೇ ಬಿಡಬೇಕೆಂದು ತೀರ್ಮಾನಿಸಿ, ವರ್ಷದ ದುಡಿಮೆಯ ಪಾಲು ಕೈ ಸೇರಲಿ ಎಂದು ಕಾದವರು. ಸಂಬಳ ಕಡಿಮೆಯೋ, ಕೆಲಸ ಮಾತಿಗಿಂತ ಹೆಚ್ಚೋ, ಏನೋ ಒಂದು ಕಾರಣ ಇರುತ್ತದೆ. ಅದನ್ನು ಸರಿಪಡಿಸದೆ ಇನಾಮನ್ನು ಹಿಡಿದಿಟ್ಟು ಏನೂ ಉಪಯೋಗವಿಲ್ಲ.

ಈಗ ಅಪಾರ್ಟ್‌ಮೆಂಟಿನ ಸಾಮೂಹಿಕ ಇನಾಮು. ಹೆಚ್ಚು ಗೊಂದಲ ಆಗುವುದು ಇಲ್ಲೇ. ಗಾರ್ಡು, ಹೌಸ್‌ಕೀಪಿಂಗ್‌ನವರು ಏಜೆನ್ಸಿಯ ಉದ್ಯೋಗಿಗಳು. ಅಸೋಸಿಯೇಷನ್‌ಗೆ ಬರುವ ಏಜೆನ್ಸಿ ಬಿಲ್ಲಿನ ವಿವರ ಹಾಳೆಯನ್ನು ತೆಗೆದು ನೋಡಿ. ಮೂಲ ವೇತನ (ಬೇಸಿಕ್) ಮತ್ತು ತುಟ್ಟಿಭತ್ಯೆ (ಡಿಎ), ಅದರ ಕೆಳಗೆ ಉದ್ಯೋಗದಾತರ ಪಾಲಿನ ಭವಿಷ್ಯ ನಿಧಿ (ಪಿಎಫ್) ಆಡಳಿತ ವೆಚ್ಚ ಸೇರಿ ಶೇ 13, ಆರೋಗ್ಯ ವಿಮೆಯ ಇಎಸ್‌ಐ ಶೇ 3.25, ರಿಲೀವರ್ ವೆಚ್ಚ, ಏಜೆನ್ಸಿಯ ಸೇವಾ ಶುಲ್ಕ, ಜಿಎಸ್‌ಟಿ. ಈ ಸಾಲುಗಳ ನಡುವೆ ಬಹಳ ಬಿಲ್ಲುಗಳಲ್ಲಿ "ಬೋನಸ್ ಶೇ 8.33" ಎಂಬ ಸಾಲೂ ಇರುತ್ತದೆ. ಅಂದರೆ ಗಾರ್ಡಿನ ಬೋನಸ್ಸನ್ನು ನಿವಾಸಿಗಳು ತಿಂಗಳು ತಿಂಗಳೂ ಏಜೆನ್ಸಿಗೆ ಕಟ್ಟುತ್ತಲೇ ಬಂದಿದ್ದಾರೆ. ಅದು ಗಾರ್ಡಿನ ಖಾತೆಗೆ ಹೋಯಿತೇ? ಕೆಲವು ಏಜೆನ್ಸಿಗಳು ಸಂಬಳದ ಜೊತೆಗೇ ತಿಂಗಳಿಗೊಮ್ಮೆ ಕೊಡುತ್ತವೆ, ಕೆಲವು ವರ್ಷಕ್ಕೊಮ್ಮೆ. ಹಣಕಾಸು ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕೆಂಬುದು ಕಾನೂನು, ಮಾರ್ಚ್‌ಗೆ ವರ್ಷ ಮುಗಿಸುವವರಿಗೆ ನವೆಂಬರ್ 30 ಗಡುವು. ಗಡುವಿನ ತನಕ ಕಾದರೆ ಹಬ್ಬ ಕಳೆದಿರುತ್ತದೆ. ಅಕ್ಟೋಬರ್ ಮೊದಲ ವಾರದಲ್ಲೇ ಏಜೆನ್ಸಿಗೆ ಲಿಖಿತವಾಗಿ ಕೇಳಿ: ಬೋನಸ್ ದೀಪಾವಳಿಗೆ ಮುಂಚೆ ಪಾವತಿಯಾಗಲಿ, ಪಾವತಿಯ ಬ್ಯಾಂಕ್ ಪಟ್ಟಿಯ ಪ್ರತಿ ನಮಗೆ ಬರಲಿ. ಒಂದು ಕಮಿಟಿ ತನ್ನ ಕೆಲಸದವರಿಗೆ ಮಾಡಬಹುದಾದ ಅತಿ ದೊಡ್ಡ ಹಬ್ಬದ ಉಪಕಾರ ಈ ಒಂದು ಪತ್ರ, ಅದಕ್ಕೆ ಯಾವ ಚಂದಾವೂ ಬೇಕಿಲ್ಲ. ಮಧ್ಯದಲ್ಲಿ ಬೇರೆ ಸೈಟಿಗೆ ಹೋದವರಿಗೂ ಬೋನಸ್ಸಿನ ಹಕ್ಕು ಉಳಿದಿರುತ್ತದೆ, ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೆ ಸಾಕು.

ಅದು ಅವರ ಹಕ್ಕಿನ ಹಣ. ನಿವಾಸಿಗಳು ಒಟ್ಟುಗೂಡಿಸಿ ಕೊಡುವ ಇನಾಮು ಅದಕ್ಕೆ ಹೊರತು. ಎರಡನ್ನೂ ಬೆರೆಸಿ "ಬಿಲ್ಲಲ್ಲೇ ಬೋನಸ್ ಇದೆಯಲ್ಲ, ಮತ್ತೆ ಯಾಕೆ?" ಎಂದು ಸಭೆಯಲ್ಲಿ ಯಾರಾದರೂ ಕೇಳಿದರೆ ಬಿಲ್ಲಿನ ಹಾಳೆಯನ್ನೇ ಮುಂದಿಟ್ಟು ಬಿಡಿಸಿ ಹೇಳಬಹುದು.

ಚಂದಾ ಹಂಚುವ ಲೆಕ್ಕಕ್ಕೆ ಒಂದು ಉದಾಹರಣೆ. 60 ಮನೆ, ಮನೆಗೆ 1,200 ರೂಪಾಯಿ, ಒಟ್ಟು 72,000. ಕೆಲಸದವರು 18 ಮಂದಿ: ಹಗಲು ಮೂವರು, ರಾತ್ರಿ ಮೂವರು ಗಾರ್ಡ್, ಆ ಆರು ಜನರ ವಾರದ ರಜೆ ತುಂಬುವ ಒಬ್ಬ ರಿಲೀವರ್, ಒಬ್ಬ ಸೂಪರ್‌ವೈಸರ್, ಹೌಸ್‌ಕೀಪಿಂಗ್ ಐವರು, ಒಬ್ಬ ಮಾಲಿ, ಪ್ಲಂಬರ್ ಒಬ್ಬ, ಎಲೆಕ್ಟ್ರಿಷಿಯನ್ ಒಬ್ಬ, ಎಸ್‌ಟಿಪಿಗೆ ಇಬ್ಬರು. ಸಮನಾಗಿ ಹಂಚಿದರೆ ತಲಾ 4,000. ಆದರೆ ವರ್ಷವಿಡೀ ದುಡಿದವರಿಗೂ ನಾಲ್ಕು ತಿಂಗಳ ಹಿಂದೆ ಬಂದವರಿಗೂ ಒಂದೇ ಮೊತ್ತ ಎಂದರೆ ಹಳಬರಿಗೆ ನೋವಾಗುತ್ತದೆ. ಹಾಗಾಗಿ ತಿಂಗಳುಗಳನ್ನು ಕೂಡಿ. 11 ಜನ 12 ತಿಂಗಳು, ನಾಲ್ವರು 6 ತಿಂಗಳು, ಮೂವರು 4 ತಿಂಗಳು ಎಂದಿಟ್ಟುಕೊಂಡರೆ 132, 24, 12 ಸೇರಿ 168 ತಿಂಗಳು. 72,000ವನ್ನು 168ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 429 ರೂಪಾಯಿ. ವರ್ಷ ತುಂಬಿದವರಿಗೆ 5,100, ಆರು ತಿಂಗಳವರಿಗೆ 2,600, ನಾಲ್ಕು ತಿಂಗಳವರಿಗೆ 1,800 ಎಂದು ಸರಿಹೊಂದಿಸಿದರೆ 71,900 ಆಗುತ್ತದೆ, ನೂರು ಉಳಿಯುತ್ತದೆ. ಕವರ್ ಖರ್ಚಿಗೆ ಅಷ್ಟು ಸಾಕು.

ಸೂಪರ್‌ವೈಸರ್‌ಗೆ ಎರಡು ಪಾಲು ಎಂಬ ವಾದ ಬರುತ್ತದೆ. ನನಗೆ ಒಪ್ಪಿಗೆಯಿಲ್ಲ. ಅವರ ಸಂಬಳವೇ ಹೆಚ್ಚು, ಹಬ್ಬದ ಪಾಲು ಎಲ್ಲರಿಗೂ ಒಂದೇ ಸೂತ್ರದಲ್ಲಿ ಇರಲಿ. ಸೂಪರ್‌ವೈಸರ್ ಕೈಗೆ ಒಟ್ಟು ಹಣ ಕೊಟ್ಟು ಹಂಚಲು ಬಿಡುವುದಂತೂ ಬೇಡವೇ ಬೇಡ. ಕಮಿಟಿಯ ಇಬ್ಬರು ಕುಳಿತು, ಒಬ್ಬೊಬ್ಬರನ್ನೇ ಕರೆದು, ಹೆಸರು ಬರೆದ ಕವರ್ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಲಿ. ರಾತ್ರಿ ಪಾಳಿಯವರಿಗೆ ಪಾಳಿ ಬದಲಾಗುವ ಹೊತ್ತಿಗೆ, ಸಂಜೆ ಏಳೆಂಟಕ್ಕೆ, ಇನ್ನೊಂದು ಸುತ್ತು ಇಟ್ಟುಕೊಳ್ಳಿ. ಅವರು ಹಗಲು ನಿದ್ದೆಗೆಟ್ಟು ಬರುವಂತೆ ಮಾಡಬೇಡಿ.

ಇನ್ನೊಂದು ಪ್ರತಿ ವರ್ಷದ ಕೊರಗು: ಹತ್ತು ತಿಂಗಳು ನಿಮ್ಮ ಗೇಟಿನಲ್ಲಿ ನಿಂತವರನ್ನು ಏಜೆನ್ಸಿ ಸೆಪ್ಟೆಂಬರಿನಲ್ಲಿ ಬೇರೆ ಸೈಟಿಗೆ ಹಾಕುತ್ತದೆ, ಇನಾಮು ಹೊಸಬರಿಗೆ ಸಿಗುತ್ತದೆ. ಪಟ್ಟಿಗೆ ಅವರ ಹತ್ತು ತಿಂಗಳನ್ನೂ ಸೇರಿಸಿ, ಫೋನ್ ಮಾಡಿ ಕರೆಸಿ ಕೊಡಿ. ಬಂದು ಹೋಗುವ ಬಸ್ ಖರ್ಚನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ಚಂದಾ ಎತ್ತುವಾಗ ಯಾವ ಫ್ಲಾಟ್ ಎಷ್ಟು ಕೊಟ್ಟಿತು ಎಂಬ ಪಟ್ಟಿಯನ್ನು ಗ್ರೂಪಿನಲ್ಲಿ ಹಾಕಬೇಡಿ. ಇಲ್ಲದವರ ಮಾನ ಕಳೆಯುವ ಕೆಲಸ ಅದು. ಒಟ್ಟು ಎಷ್ಟು ಬಂತು, ಯಾವ ಸೂತ್ರದಲ್ಲಿ ಹಂಚಲಾಯಿತು, ಎಷ್ಟು ಉಳಿಯಿತು ಎಂಬುದನ್ನು ಮಾತ್ರ ತಪ್ಪದೆ ಹಾಕಿ.

ನಗದೇ, ಯುಪಿಐಯೇ? ನಗದು. ಎಲ್ಲರ ಹತ್ತಿರ ಫೋನ್ ಇದೆ ನಿಜ, ಆದರೆ ಮನೆಕೆಲಸದ ಹೆಣ್ಣುಮಕ್ಕಳ ನಂಬರಿಗೆ ಸೇರಿದ ಖಾತೆ ಎಷ್ಟೋ ಸಲ ಗಂಡನದೋ ಮಗನದೋ ಆಗಿರುತ್ತದೆ. ಸಾಲದ ಕಂತು ತಾನಾಗೇ ಕಡಿತವಾಗುವ ಖಾತೆಯಾಗಿದ್ದರೆ ಹಣ ಬಿದ್ದ ದಿನವೇ ಹೋಗಿಬಿಡುತ್ತದೆ. ಅವರೇ "ಖಾತೆಗೆ ಹಾಕಿ" ಎಂದರೆ ಹಾಕಿ, ಹಾಕುವ ಮುಂಚೆ ಹೆಸರು ತೋರಿಸಿ ಖಚಿತ ಮಾಡಿಕೊಳ್ಳಿ. ನಗದಿಗೆ ಚಿಲ್ಲರೆಯದೇ ತೊಂದರೆ: ಎಟಿಎಂ ಹೆಚ್ಚಾಗಿ 500ರ ನೋಟು ಕೊಡುತ್ತದೆ, ನಿಮಗೆ 100, 200ರವು ಬೇಕು. ಹದಿನೈದು ದಿನ ಮುಂಚೆ ಬ್ಯಾಂಕಿನ ಕೌಂಟರಿನಲ್ಲಿ ಕೇಳಿದರೆ ಸಿಗುತ್ತದೆ, ಹಬ್ಬದ ವಾರ ಸಿಗುವುದಿಲ್ಲ. ಮೇಲೊಂದು ರೂಪಾಯಿ ಇಡುವ ಪದ್ಧತಿ ಇದ್ದವರು ನಾಣ್ಯ ಅಂಟಿಸಿದ ಕವರನ್ನೇ ಕೊಂಡರೆ ನಾಣ್ಯ ಹುಡುಕುವ ಪಾಡು ತಪ್ಪುತ್ತದೆ. 2026ರಲ್ಲಿ ಹಬ್ಬ ತಿಂಗಳ ಮೊದಲ ವಾರಕ್ಕೆ ಅಂಟಿಕೊಂಡು ಬರುವುದರಿಂದ ಸಂಬಳ, ಇನಾಮು ಎರಡನ್ನೂ ಒಂದೇ ಕವರಿನಲ್ಲಿ ಹಾಕುವ ಆಸೆ ಆಗಬಹುದು. ಬೇರೆ ಬೇರೆ ಕೊಡಿ, ಇಲ್ಲದಿದ್ದರೆ ಯಾವುದು ಎಷ್ಟೆಂದು ತಿಳಿಯದೆ ಆಮೇಲೆ ಮಾತು ಬೆಳೆಯುತ್ತದೆ.

ಸಿಹಿ ಡಬ್ಬಿ, ಸೀರೆ ಕೊಡುವುದಾದರೆ ಹಣದ ಜೊತೆಗೆ ಕೊಡಿ, ಹಣದ ಬದಲಿಗೆ ಬೇಡ. ಐದು ಮನೆಯಲ್ಲಿ ಕೆಲಸ ಮಾಡುವವರಿಗೆ ಐದು ಡಬ್ಬಿ ಸಿಹಿ ಬಂದಿರುತ್ತದೆ. ಹಾಲಿನ ಸಿಹಿಗಳು ಎರಡು ಮೂರು ದಿನಕ್ಕೆ ಹುಳಿಯಾಗುತ್ತವೆ, ಊರಿಗೆ ಒಯ್ಯಲು ಆಗುವುದಿಲ್ಲ. ಕೊಡಲೇಬೇಕೆಂದರೆ ಮೈಸೂರ್ ಪಾಕ್, ಚಕ್ಕುಲಿ, ಕೋಡುಬಳೆಯಂಥ ಉಳಿಯುವ ಪದಾರ್ಥ ಕೊಡಿ. ನಿಮ್ಮ ಮನೆಯ ಹಳೇ ಬಟ್ಟೆಗಳನ್ನು ಕೊಡುವುದಿದ್ದರೆ ಬೇರೆ ದಿನ ಕೊಡಿ, ಹಬ್ಬದ ಕವರಿನ ಜೊತೆ ಅದು ಬರಬಾರದು. ಕೊಡುವಾಗ ಫೋಟೋ ತೆಗೆಯಬೇಡಿ. ಕೂರಿಸಿ, ಹೆಸರು ಹಿಡಿದು ಮಾತಾಡಿಸಿ, "ಹಬ್ಬ ಚೆನ್ನಾಗಿ ಮಾಡ್ರಕ್ಕ" ಅಂದು ಕೈಗೆ ಕೊಟ್ಟರೆ ಸಾಕು.

ಸರ್ಕಾರಿ ಸಂಬಳದವರ ವಿಷಯ ಬೇರೆ. ಅಂಚೆಯವರು, ಲೈನ್‌ಮ್ಯಾನ್, ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವವರು. ಇವರಿಗೆ ಉಡುಗೊರೆ ಪಡೆಯುವ ಬಗ್ಗೆ ಸೇವಾ ನಿಯಮಗಳಿವೆ. ಅದರಲ್ಲೂ ಲೈನ್‌ಮ್ಯಾನ್, ನೀರಿನವರಿಗೆ ಹಣ ಕೊಟ್ಟರೆ ಕೊಟ್ಟ ಬೀದಿಗೆ ಮೊದಲು ನೀರು, ಮೊದಲು ಕರೆಂಟು ಎಂಬ ನಿರೀಕ್ಷೆ ಎರಡೂ ಕಡೆ ಬೆಳೆಯುತ್ತದೆ. ಕೊಡಲಾಗದ ಬೀದಿಯವರು ನಷ್ಟ ತಿನ್ನುತ್ತಾರೆ. ನಗದು ಬೇಡ. ಎಲ್ಲರೆದುರು ಒಂದು ತಟ್ಟೆ ತಿಂಡಿ, ಕಾಫಿ, ಒಂದು ಸಿಹಿ ಡಬ್ಬಿ ಸಾಕು. ಸಿಲಿಂಡರ್ ತರುವವರ ಸಾಗಾಟದ ವೆಚ್ಚ ಬಿಲ್ಲಿನ ಬೆಲೆಯಲ್ಲೇ ಸೇರಿದೆ, ಪ್ರತಿ ಸಲ ಹೆಚ್ಚುವರಿ ಕೊಡಬೇಕಾಗಿಲ್ಲ. ಆದರೆ ಲಿಫ್ಟಿಲ್ಲದ ಮೂರನೇ ಮಹಡಿಗೆ ವರ್ಷವೆಲ್ಲ ಹೊತ್ತು ತಂದವರಿಗೆ ಹಬ್ಬಕ್ಕೆ ಒಂದು ಕವರ್ ಕೊಡುವುದು ನ್ಯಾಯ. ತುಂಬಿದ ಸಿಲಿಂಡರಿನ ತೂಕ ಹತ್ತಿರ ಹತ್ತಿರ 30 ಕಿಲೋ.

ಪೌರಕಾರ್ಮಿಕರಿಗೆ ಬಡಾವಣೆಯ ಸಂಘದ ಮೂಲಕ ಬಹಿರಂಗವಾಗಿ ಊಟ, ಬಟ್ಟೆ ಕೊಡುವ ಕ್ರಮ ಹಲವು ಕಡೆ ಚೆನ್ನಾಗಿ ನಡೆದಿದೆ. ಅದಕ್ಕಿಂತ ಮೊದಲು ಹಬ್ಬ ಅವರ ಮೇಲೆ ಹೇರುವ ಹೊರೆಯನ್ನು ಇಳಿಸಬೇಕು. ಆಯುಧಪೂಜೆಯ ಮರುದಿನ ಪ್ರತಿ ಗೇಟಿನ ಮುಂದೆ ಒಡೆದ ಬೂದುಗುಂಬಳ, ಅದರ ಮೇಲೆ ಕುಂಕುಮ, ಬಾಡಿದ ಬಾಳೆಕಂದು. ಕುಂಬಳದ ತಿರುಳು ರಸ್ತೆಗೆ ಅಂಟಿ ಸ್ಕೂಟರುಗಳು ಜಾರುತ್ತವೆ, ಅದನ್ನು ಕೆರೆದು ತೆಗೆಯುವವರು ಬೆಳಗಿನ ಪಾಳಿಯ ಪೌರಕಾರ್ಮಿಕ ಹೆಂಗಸರೇ. ಒಡೆದವರು ಪೂಜೆಯಾದ ಅರ್ಧ ಗಂಟೆಗೆ ತಾವೇ ಎತ್ತಿ ಹಸಿ ಕಸಕ್ಕೆ ಹಾಕಿ, ಒಂದು ಬಕೆಟ್ ನೀರು ಸುರಿಯಲಿ. ಬಾಳೆಕಂದನ್ನು ಎರಡು ಅಡಿಯ ತುಂಡುಗಳಾಗಿ ಕಡಿದಿಟ್ಟರೆ ಆಟೋದಲ್ಲಿ ಹಿಡಿಸುತ್ತದೆ. ದೀಪಾವಳಿಯಲ್ಲಿ ಹತ್ತದೆ ಉಳಿದ ಪಟಾಕಿಯನ್ನು ಒಣಕಸಕ್ಕೆ ಹಾಗೇ ಹಾಕಿದರೆ ಆಟೋದಲ್ಲೇ ಹೊತ್ತಿಕೊಳ್ಳುವ ಅಪಾಯವಿದೆ. ಒಂದು ರಾತ್ರಿ ಬಕೆಟ್ ನೀರಿನಲ್ಲಿ ನೆನೆಸಿ, ಬೇರೆ ಚೀಲದಲ್ಲಿ, ಏನಿದೆ ಎಂದು ಬಾಯಲ್ಲಿ ಹೇಳಿ ಕೊಡಿ. ಒಡೆದ ಹಣತೆ, ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ.

ಹಬ್ಬದ ಆಸುಪಾಸಿನಲ್ಲಿ ಖಾಕಿ ಅಂಗಿ ಹಾಕಿಕೊಂಡು "ಕಸದ ಗಾಡಿಯವರು, ಖುಷಿ ಕೊಡಿ" ಎಂದು ಬಾಗಿಲು ಬಡಿಯುವ ಅಪರಿಚಿತರೂ ಇರುತ್ತಾರೆ. ಜಗಳ ಬೇಡ. "ನಮ್ಮ ಬೀದಿಯವರಿಗೆ ಕೊಟ್ಟಾಗಿದೆ" ಅಂದರೆ ಮುಗಿಯಿತು. ಕೊಟ್ಟದ್ದನ್ನು ಹೆಸರು ಸಮೇತ ಬರೆದಿಟ್ಟವರಿಗೆ ಈ ಮಾತು ಧೈರ್ಯವಾಗಿ ಹೇಳಲು ಬರುತ್ತದೆ.

ಬಟವಾಡೆ ಮುಗಿದ ದಿನವೇ ಪಟ್ಟಿಯನ್ನು ತಿದ್ದಿಡಿ: ಹೆಸರು, ಕೆಲಸಕ್ಕೆ ಸೇರಿದ ತಿಂಗಳು, ಕೊಟ್ಟ ಮೊತ್ತ, ಯಾವ ಹಬ್ಬಕ್ಕೆ ಬೇಕೆಂದರು. ಕಮಿಟಿ ಬದಲಾದರೆ ಆ ಪುಸ್ತಕವನ್ನೂ ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆ ಮುಂದಿನವರಿಗೆ ಒಪ್ಪಿಸಿ.